ಹೊನ್ನಾವರದ ಅನ್ನ, ಟ್ಯಾಂಜಿಯರಿನ ಹರೀರ

ಪಾಠ ಹೇಳುವವನನ್ನು ತಬ್ಬಿಬ್ಬುಗೊಳಿಸುವ ಪ್ರಶ್ನೆಗಳು ಹೆಚ್ಚಾಗಿ ಹಿಂದಿನ ಬೆಂಚಿನಿಂದಲೇ ಬರುತ್ತವೆ. ಪ್ರವಾಸ ಸಾಹಿತ್ಯದ ಪಾಠದ ನಡುವೆ ಇಬ್ನ್ ಬತೂತನ ಮಾತು ಬಂದಿತ್ತು. ಮೊರಾಕ್ಕೋ ದೇಶದ ಟ್ಯಾಂಜಿಯರಿನಲ್ಲಿ ೧೩೦೪ರಲ್ಲಿ ಹುಟ್ಟಿ, ೧೩೨೫ರಲ್ಲಿ ತಾಯಿತಂದೆಯರನ್ನಗಲಿ ಮಕ್ಕೆಯ ಯಾತ್ರೆಗೆ ಹೊರಟ ಈ ಮಹಾಶಯನು ಮುಂದೆ ದೆಹಲಿಯನ್ನು ಕಂಡು, ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದವನು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಊಟವನ್ನು ಬಡಿಸಿದ ಕ್ರಮದಲ್ಲಿಯೇ ಬಣ್ಣಿಸಿದ್ದಾನೆ: ಅನ್ನ, ಅದರ ಮೇಲೆ ತುಪ್ಪ, ಬದಿಗೆ ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕೊನೆಗೆ ಮೊಸರು. ಜೊತೆಗೊಂದು ನಿಟ್ಟುಸಿರೂ ಉಂಟು. ಆ ಅರಸನ ಬಳಿ ಇದ್ದ ೧೧ ತಿಂಗಳೂ ರೊಟ್ಟಿಯ ಮುಖ ಕಾಣಲಿಲ್ಲವಂತೆ. ಅಲ್ಲಿಯವರ ಆಹಾರ ಅನ್ನವೇ.

“ಹಾಗಾದರೆ ಅವರ ಮನೆಯಲ್ಲಿ ಏನು ಉಣ್ಣುತ್ತಿದ್ದರು ಸಾರ್?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಹೇಳಲಾರದೆ ನಕ್ಕ ನಗೆ ಅದು.

ಹುಡುಕಿದಾಗ ಕೈಗೆ ಸಿಕ್ಕಿದುದು ಹರೀರ. ಮೊರಾಕ್ಕೋದ ಮನೆಮನೆಯ ಸಾರು ಇದು. ರಂಜಾನ್ ತಿಂಗಳಲ್ಲಿ ಹೊತ್ತು ಮುಳುಗಿದೊಡನೆ ಖರ್ಜೂರವನ್ನೂ ಹರೀರವನ್ನೂ ಮುಂದಿಟ್ಟುಕೊಂಡು ಆ ಜನ ಉಪವಾಸ ಬಿಡುತ್ತಾರೆ. ಅರಬ್ಬಿಯಲ್ಲಿ ‘ಹರೀರ್’ ಎಂದರೆ ರೇಷ್ಮೆ; ಆ ನುಣುಪಿನಿಂದಲೇ ಈ ಹೆಸರು ಬಂದಿತೆನ್ನುವವರುಂಟು.

ಓದಿ ತಿಳಿದುದನ್ನು ಬೇಯಿಸಿಯೂ ನೋಡಬೇಕೆನಿಸಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ತಾಯಿಗೆ ಎಪ್ಪತ್ತೈದು ದಾಟಿದೆ. ಮಳೆಗಾಲದಲ್ಲಿ ಬಂದ ಜ್ವರವು ಹೋಗುವಾಗ ಅವರ ಹಸಿವನ್ನೂ ಕೊಂಡೊಯ್ದಿತ್ತು. ತಟ್ಟೆಯ ಮುಂದೆ ಕುಳಿತು, ಎರಡು ತುತ್ತಿಗೆ ಸಾಕೆಂದು ಏಳುತ್ತಿದ್ದರು. ಅಗಿಯಬೇಕಾಗಿಲ್ಲದ, ಆದರೂ ಮೈಗೆ ಹತ್ತುವ ಅಡುಗೆಯೊಂದು ನಮಗೆ ಬೇಕಾಗಿತ್ತು.

ಆರು ಜನಕ್ಕೆ ಲೆಕ್ಕ ಹೀಗೆ: ರಾತ್ರಿಯೇ ನೆನೆಹಾಕಿದ ೧೦೦ ಗ್ರಾಂ ಕಡಲೆ, ಅಷ್ಟೇ ಮಸೂರ ಬೇಳೆ, ಅರ್ಧ ಕಿಲೋ ಟೊಮ್ಯಾಟೋ, ದೊಡ್ಡದೊಂದು ಈರುಳ್ಳಿ, ಸೆಲರಿಯ ಎರಡು ದಂಟು, ಕೊತ್ತಂಬರಿ ಸೊಪ್ಪು, ಪಾರ್ಸ್ಲಿ ಸೊಪ್ಪು, ಶುಂಠಿ, ಅರಿಶಿನ, ಮೆಣಸು, ಒಂದು ಚೂರು ದಾಲ್ಚಿನ್ನಿ. ಆ ನಾಡಿನವರು ಕುರಿಮಾಂಸದ ತುಣುಕುಗಳನ್ನೂ, ಸ್ಮೆನ್ ಎಂಬ ಹಳೆಯ ಉಪ್ಪುಬೆಣ್ಣೆಯನ್ನೂ ಹಾಕುವರು. ನಮ್ಮದು ಮಾಂಸವಿಲ್ಲದ ಅಡುಗೆ. ಬೆಣ್ಣೆಯ ಕೆಲಸವನ್ನು ತುಪ್ಪವೇ ಮಾಡಿತು. ಈರುಳ್ಳಿ, ಸೊಪ್ಪುಗಳನ್ನು ಬಾಡಿಸಿ, ಸಂಬಾರ ಸೇರಿಸಿ, ಕಡಲೆಯನ್ನೂ ಎರಡು ಲೀಟರ್ ನೀರನ್ನೂ ಹಾಕಿ ಸಣ್ಣ ಉರಿಯಲ್ಲಿಡಬೇಕು. ಕಡಲೆ ಮೆತ್ತಗಾಗುತ್ತ ಬಂದಾಗ ಬೇಳೆ, ಟೊಮ್ಯಾಟೋ. ಕೊನೆಯಲ್ಲಿ ಒಂದು ಹಿಡಿ ಶಾವಿಗೆ. ಟೊಮ್ಯಾಟೋವಿನ ಹುಳಿಗೆ ಕಡಲೆ ಬೇಗ ಬೇಯದು. ಆದುದರಿಂದ ಈ ಕ್ರಮವನ್ನು ಮೀರಬಾರದು.

ಹರೀರಕ್ಕೆ ರೇಷ್ಮೆಯ ನುಣುಪು ಬರುವುದು ‘ತೆದ್ವೀರ’ದಿಂದ. ಗೋಧಿಹಿಟ್ಟನ್ನು ನೀರಿನಲ್ಲಿ ಕದಡಿದ ದ್ರವವಿದು; ಕೆಲವರು ಹಿಂದಿನ ರಾತ್ರಿಯೇ ಕಲಸಿ ಹುಳಿಬರಿಸುವರು. ನಾನು ಅದನ್ನು ಒಮ್ಮೆಲೇ ಸುರಿದೆ. ಕ್ಷಣದಲ್ಲಿ ಪಾತ್ರೆಯ ತುಂಬ ಗಂಟುಗಳು! ಕುರ್ಚಿಯಲ್ಲಿ ಕುಳಿತಿದ್ದ ತಾಯಿಯವರು, “ಅಂಬಲಿಗೆ ಯಾರಾದರೂ ಹೀಗೆ ಹಿಟ್ಟು ಹುಯ್ತಾರೇನೋ? ಒಂದು ಕೈಲಿ ಹುಯ್ಯಿ, ಇನ್ನೊಂದು ಕೈಲಿ ತಿರುವುತ್ತಲೇ ಇರು” ಎಂದರು. ಎಷ್ಟೋ ದಿನಗಳ ಬಳಿಕ ಅವರ ದನಿಯಲ್ಲಿ ಹಳೆಯ ಗದರಿಕೆ ಕೇಳಿತು. ಗಂಟುಗಳನ್ನು ಜಾಲರಿ ಸೌಟಿನಿಂದ ತೆಗೆದು, ಹೊಸದಾಗಿ ಹಿಟ್ಟು ಕದಡಿ, ಅವರು ಹೇಳಿದಂತೆ ಮಾಡಿದೆ. ಹತ್ತು ನಿಮಿಷದಲ್ಲಿ ಸಾರು ಸೌಟಿಗೆ ಹಿಡಿಯುವಷ್ಟು ನುಣುಪಾಯಿತು.

ಒಂದು ಮಾತನ್ನು ಮರೆಯಲಾಗದು. ಟೊಮ್ಯಾಟೋ ಅಮೆರಿಕಾ ಖಂಡದ ಹಣ್ಣು. ೧೪೯೨ರಲ್ಲಿ ಕೊಲಂಬಸನು ಸಮುದ್ರ ದಾಟಿದ ಮೇಲೆಯೇ ಅದು ಈಚೆಯ ದೇಶಗಳಿಗೆ ಬಂದುದು. ಹಾಗಾಗಿ ಇಬ್ನ್ ಬತೂತ ಈ ಕೆಂಪು ಸಾರನ್ನು ಕಂಡವನಲ್ಲ. ಆದರೆ ಹರೀರವೆಂಬ ಹೆಸರಿನ ಹಿಟ್ಟಿನ ಗಂಜಿ ಹಳೆಯ ಅರಬ್ಬೀ ಬರಹಗಳಲ್ಲಿಯೂ ಕಾಣುತ್ತದೆ. ಬಣ್ಣ ಬದಲಾಗಿರಬಹುದು, ಹಿಟ್ಟು ಹುಯ್ದು ತಿರುವುವ ಕೈ ಹಳೆಯದೇ.

ಬಟ್ಟಲಿಗೆ ನಿಂಬೆ ಹಿಂಡಿ ಕೊಟ್ಟೆ. ತಾಯಿಯವರು ಗುಟುಕರಿಸಿ, “ಇದು ಯಾರ ಮನೆಯ ಅಡುಗೆ?” ಎಂದರು. ಕಥೆಯನ್ನೆಲ್ಲ ಹೇಳಿದೆ. ಕೇಳಿ, “ಅಷ್ಟು ವರ್ಷ ತಿರುಗಿದನಲ್ಲ, ಮರಳಿ ಹೋದಾಗ ತಾಯಿ ಇದ್ದಳೇ?” ಎಂದು ಕೇಳಿದರು.

ಹಿಂದಿನ ಬೆಂಚಿನ ಹುಡುಗನಿಗಿಂತ ಕಷ್ಟದ ಪ್ರಶ್ನೆ. ಉತ್ತರ ಮಾತ್ರ ನನಗೆ ಗೊತ್ತಿತ್ತು. ೧೩೪೯ರಲ್ಲಿ ಅವನು ಸ್ವದೇಶಕ್ಕೆ ಮರಳಿ ತಾಝಾ ಎಂಬ ಊರನ್ನು ಮುಟ್ಟಿದಾಗ, ತಾಯಿ ಮಹಾಮಾರಿಗೆ ತುತ್ತಾದ ಸುದ್ದಿ ದಾರಿಯಲ್ಲೇ ಕಾದಿತ್ತು. ತಂದೆ ತೀರಿ ಎಷ್ಟೋ ವರ್ಷಗಳಾಗಿದ್ದುದು ಅವನಿಗೆ ತಿಳಿದುದೂ ದಮಾಸ್ಕಸಿನಲ್ಲಿ, ಅದರ ಹಿಂದಿನ ವರ್ಷ. ಮುಚ್ಚಿಡಲು ಮನಸ್ಸಾಗದೆ ಇದ್ದುದನ್ನು ಇದ್ದಂತೆಯೇ ಹೇಳಿದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬಟ್ಟಲನ್ನು ಮುಂದಕ್ಕೆ ಸರಿಸಿ, “ಇನ್ನೊಂದು ಸೌಟು ಹಾಕು” ಎಂದರು.