ಉತ್ತರ ಗೊತ್ತಿರುವವರು ಎಲ್ಲಿ ಕೂರುತ್ತಾರೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಜಾಲತಾಣದಲ್ಲಿ ದೋಷ ತಿಳಿಸಲು ಒಂದು ಫಾರ್ಮ್ ಇದೆ. ತುಂಬಿ ಕಳಿಸಿದರೆ ಅದು ಹೋಗಿ ಬೀಳುವುದು ಒಂದು ಮೇಲಿಂಗ್ ಲಿಸ್ಟ್‌ಗೆ. ಆ ತಂತ್ರಾಂಶ ಬರೆಯುವವರು ಅದನ್ನು ಓದುತ್ತಾರೆ. ಲಿಬ್ರೆಆಫೀಸ್ ಬಳಕೆಯ ಪ್ರಶ್ನೆಗಳಿಗೆ ಚುರುಕಾದ ಜಾಗ ಅದರ 'ಆಸ್ಕ್' ಫೋರಮ್. ಮುಕ್ತ ತಂತ್ರಾಂಶದಲ್ಲಿ ಸಹಾಯ ಬೇಕಾದಾಗ 'ಮೇಲಿಂಗ್ ಲಿಸ್ಟೋ ಫೋರಮ್ಮೋ' ಎಂಬ ಪ್ರಶ್ನೆಯನ್ನು ಹೆಚ್ಚಿನವರು ತಮಗೆ ಯಾವುದು ಸಲೀಸು ಎಂದು ನೋಡಿ ಬಗೆಹರಿಸಿಕೊಳ್ಳುತ್ತಾರೆ. ನೋಡಬೇಕಾದ್ದು ಉತ್ತರ ಹೇಳುವವರಿಗೆ ಯಾವುದು ಸಲೀಸು ಎಂದು. ಅವರಲ್ಲಿ ಬಹುಪಾಲು ಜನ ಬಿಡುವಿನಲ್ಲಿ, ಪುಕ್ಕಟೆಯಾಗಿ ಉತ್ತರಿಸುವವರು. ಇಲ್ಲಿ ಕೊರತೆ ಇರುವುದು ಅವರ ಸಮಯಕ್ಕೆ.

ಮೇಲಿಂಗ್ ಲಿಸ್ಟ್ ಅಂದರೆ ಒಂದು ಇಮೇಲ್ ವಿಳಾಸ, ಅಷ್ಟೆ. ಅಲ್ಲಿಗೆ ಬಂದ ಪತ್ರವನ್ನು ಮೇಲ್‌ಮನ್‌ನಂಥ ತಂತ್ರಾಂಶ ಸದಸ್ಯರೆಲ್ಲರಿಗೂ ಹಂಚಿ, ಒಂದು ಪ್ರತಿಯನ್ನು ಸಾರ್ವಜನಿಕ ಕಡತಕ್ಕೆ ಸೇರಿಸುತ್ತದೆ. ಪ್ರತಿ ಮೇಲ್‌ಗೂ ಒಂದು ಮೆಸೇಜ್ ಐಡಿ ಇರುತ್ತದೆ. ನೀವು 'ರಿಪ್ಲೈ' ಒತ್ತಿದಾಗ ಮೂಲ ಮೇಲ್‌ನ ಐಡಿ ನಿಮ್ಮ ಉತ್ತರದೊಳಗೆ ಕಣ್ಣಿಗೆ ಕಾಣದಂತೆ ಸೇರಿಕೊಳ್ಳುತ್ತದೆ. ಯಾವುದು ಯಾವುದಕ್ಕೆ ಮರುಮಾತು ಎಂದು ಪೋಣಿಸುವುದು ಅದರಿಂದಲೇ. ಹೊಸಬರು ಎಡವುವುದು ಇಲ್ಲಿ. ಯಾವುದೋ ಹಳೆಯ ಮೇಲ್‌ಗೆ ರಿಪ್ಲೈ ಒತ್ತಿ, ವಿಷಯದ ಸಾಲು ಅಳಿಸಿ, ತಮ್ಮ ಹೊಸ ಪ್ರಶ್ನೆ ಬರೆಯುತ್ತಾರೆ. ಅದು ಹಳೆಯ ಚರ್ಚೆಯ ಅಡಿಯಲ್ಲೇ ಹೂತುಹೋಗುತ್ತದೆ. 'ಯಾರೂ ಉತ್ತರಿಸಲಿಲ್ಲ' ಎಂಬ ದೂರುಗಳಲ್ಲಿ ಒಂದಿಷ್ಟಕ್ಕೆ ಕಾರಣ ಇಷ್ಟೇ.

ಲಿನಕ್ಸ್ ಕರ್ನಲ್‌ನ ಲಿಸ್ಟ್‌ಗಳು ಇನ್ನೂ ಕಟ್ಟುನಿಟ್ಟು. ಅಲ್ಲಿಗೆ ಎಚ್‌ಟಿಎಂಎಲ್ ಮೇಲ್ ಕಳಿಸಿದರೆ ಸರ್ವರ್ ಒಳಗೇ ಬಿಡುವುದಿಲ್ಲ. ಬರಿಯ ಪಠ್ಯವೇ ಬೇಕು. ಇದು ಬರೀ ಮಡಿವಂತಿಕೆಯಲ್ಲ. ಕರ್ನಲ್‌ಗೆ ಹೊಸ ಕೋಡ್ ಬರುವುದೇ ಮೇಲ್ ಮೂಲಕ, ಅದರ ವಿಮರ್ಶೆ ನಡೆಯುವುದೂ ಮೇಲ್‌ನಲ್ಲೇ: ಕೋಡಿನ ಒಂದೊಂದು ಸಾಲನ್ನು ಉದ್ಧರಿಸಿ ಕೆಳಗೆ ಟೀಕೆ ಬರೆಯುತ್ತಾರೆ. ಕೆಲಸವೂ ಮಾತೂ ಒಂದೇ ಕಡೆ ಇರುವಾಗ ಅವರು ಬೇರೆಡೆಗೆ ಹೋಗಲು ಕಾರಣವೇ ಇಲ್ಲ. ಜೊತೆಗೆ ಇಡೀ ಕಡತವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸರ್ವರ್ ಸುಟ್ಟುಹೋದರೂ ಮಾತು ಉಳಿಯುತ್ತದೆ. ಫೋರಮ್‌ಗೆ ಈ ಭಾಗ್ಯ ಸುಲಭವಲ್ಲ. ಅದರ ಸರಕೆಲ್ಲ ಒಂದು ಡೇಟಾಬೇಸ್‌ನಲ್ಲಿ ಕೂತಿರುತ್ತದೆ, ನಡೆಸುವವರು ಕೈಬಿಟ್ಟರೆ ವರ್ಷಗಳ ಉತ್ತರಗಳೂ ಹೋಗುತ್ತವೆ.

ಹಾಗಿದ್ದೂ ದೊಡ್ಡ ಯೋಜನೆಗಳು ಲಿಸ್ಟ್ ಬಿಟ್ಟು ಹೊರಟವು. 2022ರಲ್ಲಿ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ಮತ್ತು ಗ್ನೋಮ್ ಎಂಬ ಡೆಸ್ಕ್‌ಟಾಪ್ ಯೋಜನೆ ಎರಡೂ 'ಡಿಸ್ಕೋರ್ಸ್' ಎಂಬ ಮುಕ್ತ ಫೋರಮ್ ತಂತ್ರಾಂಶಕ್ಕೆ ಬಂದವು. ಪೈಥಾನ್ ರೂಪಿಸುವವರ ಮಾತುಕತೆಯೂ ಅದೇ ದಾರಿ ಹಿಡಿಯಿತು. ಕಾರಣವಿದೆ: ದಾರಿ ತಪ್ಪಿದ ಚರ್ಚೆಯನ್ನು ಸೀಳಿ ಬೇರೆ ಮಾಡುವುದು, ಬೈಗುಳ ತೆಗೆದುಹಾಕುವುದು, ತಪ್ಪು ಕೋಡನ್ನು ತಿದ್ದುವುದು ಫೋರಮ್‌ನಲ್ಲಿ ಸುಲಭ, ಲಿಸ್ಟ್‌ನಲ್ಲಿ ಆಗದ ಮಾತು. ಲಿಸ್ಟ್‌ಗೆ ಕಳಿಸಿದ್ದು ಕಳಿಸಿದ್ದೇ. ಸಹಿಯಲ್ಲಿ ಫೋನ್ ನಂಬರ್ ಹಾಕಿಕೊಂಡವರಿಗೆ ಇದು ಆಮೇಲೆ ಅರಿವಾಗುತ್ತದೆ.

ಇನ್ನೊಂದು ಪೆಟ್ಟು ಇಮೇಲ್ ಲೋಕದಿಂದಲೇ ಬಿತ್ತು. 2014ರ ಏಪ್ರಿಲ್‌ನಲ್ಲಿ ಯಾಹೂ, ತನ್ನ ವಿಳಾಸ ಹೊತ್ತು ಬಂದ ಮೇಲ್ ನಿಜಕ್ಕೂ ತನ್ನದೆಂದು ಸಾಬೀತಾಗದಿದ್ದರೆ ತಿರಸ್ಕರಿಸಿ ಎಂದು ಜಗತ್ತಿಗೆ ಸಾರಿತು. ಡಿಮಾರ್ಕ್ ಎಂಬ ಈ ನಿಯಮದ ಗುರಿ ಮೋಸದ ಮೇಲ್. ಆದರೆ ಲಿಸ್ಟ್ ಮಾಡುವುದೂ ಹೊರನೋಟಕ್ಕೆ ಅದೇ: ನಿಮ್ಮ ಹೆಸರಿನ ಪತ್ರವನ್ನು ತನ್ನ ಸರ್ವರ್‌ನಿಂದ, ಕೊನೆಗೆ ಎರಡು ಸಾಲು ಸೇರಿಸಿ ಕಳಿಸುತ್ತದೆ. ಯಾಹೂ ಸದಸ್ಯ ಬರೆದದ್ದನ್ನು ಉಳಿದವರ ಸರ್ವರ್‌ಗಳು ವಾಪಸು ಎಸೆದವು. ಮೇಲ್ ತಲುಪುತ್ತಿಲ್ಲವೆಂದು ಲಿಸ್ಟ್ ಆ ಉಳಿದವರ ಸದಸ್ಯತ್ವವನ್ನೇ ನಿಲ್ಲಿಸತೊಡಗಿತು. ಬರೆದವರು ಒಬ್ಬರು, ಹೊರಬಿದ್ದವರು ಇನ್ನೊಬ್ಬರು! ಈಗ ಬಹಳ ಲಿಸ್ಟ್‌ಗಳು ಕಳಿಸಿದವರ ವಿಳಾಸದ ಜಾಗದಲ್ಲಿ ತಮ್ಮದನ್ನೇ ಹಾಕಿ ಪಾರಾಗುತ್ತವೆ.

ಕನ್ನಡದ ಒಂದು ತೊಂದರೆಯನ್ನೇ ತೆಗೆದುಕೊಳ್ಳಿ. ಲಿಬ್ರೆಆಫೀಸ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿಲ್ಲ. ಎಲ್ಲಿ ಕೇಳುವುದು ಎಂಬುದು ತಪ್ಪು ಯಾರದು ಎಂಬುದಕ್ಕೆ ಬಿಟ್ಟದ್ದು. ಅಕ್ಷರ ಜೋಡಿಸುವ ಕೆಲಸವನ್ನು ಲಿಬ್ರೆಆಫೀಸ್ ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಗೆ ವಹಿಸಿದೆ. ಫೈರ್‌ಫಾಕ್ಸ್ ಕೂಡ ಅದನ್ನೇ ಬಳಸುತ್ತದೆ. ಅದೇ ಪದ, ಅದೇ ಫಾಂಟ್ ಫೈರ್‌ಫಾಕ್ಸ್‌ನಲ್ಲೂ ಕೆಟ್ಟು ಕಂಡರೆ ಅನುಮಾನ ಫಾಂಟ್ ಅಥವಾ ಹಾರ್ಫ್‌ಬಜ್ ಕಡೆಗೆ. ಉದಾಹರಣೆಗೆ ಗುಬ್ಬಿ ಎಂಬ ಫಾಂಟ್ ತೆಗೆದು ನೋಟೋ ಸಾನ್ಸ್ ಕನ್ನಡ ಹಾಕಿದಾಗ ಸರಿಹೋದರೆ ಫಾಂಟ್ ಮಾಡಿದವರಿಗೆ ತಿಳಿಸಿ. ಫೈರ್‌ಫಾಕ್ಸ್‌ನಲ್ಲಿ ಸರಿಯಿದ್ದರೆ ಲಿಬ್ರೆಆಫೀಸ್ ಫೋರಮ್‌ಗೆ ಹೋಗಿ. ನಿಜವಾದ ದೋಷವೆಂದು ಯಾರಾದರೂ ಖಚಿತಪಡಿಸಿದರೆ ಅಲ್ಲಿಂದ ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾಗೆ. ಆವೃತ್ತಿ ಸಂಖ್ಯೆ, ಆಪರೇಟಿಂಗ್ ಸಿಸ್ಟಮ್, ಫಾಂಟ್ ಹೆಸರು, ಒಂದು ಸಾಲಿನ ಮಾದರಿ ಕಡತ ಜೊತೆಗಿರಲಿ. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಸರಿ ರೂಪ, ತಪ್ಪು ರೂಪ ಎರಡರ ಚಿತ್ರವೂ ಬೇಕು; ಇದನ್ನು ನಮ್ಮವರು ಮರೆಯುವುದೇ ಹೆಚ್ಚು.

ನೀವೇ ಒಂದು ಪುಟ್ಟ ತಂತ್ರಾಂಶ ನಡೆಸುತ್ತಿದ್ದರೆ ಲಿಸ್ಟ್, ಫೋರಮ್ ಎರಡನ್ನೂ ತೆರೆಯಬೇಡಿ. ಉತ್ತರಿಸುವವರು ಇಬ್ಬರೇ ಇರುವಾಗ ಬಾಗಿಲು ಎರಡಾದರೆ ಒಂದು ಪಾಳು ಬೀಳುತ್ತದೆ. ಬಳಸುವವರು ಸಾಮಾನ್ಯ ಜನರಾದರೆ ಫೋರಮ್ ಸಾಕು. ಮೇಲ್ ಬಿಡಲೊಲ್ಲದವರಿಗೆ ಡಿಸ್ಕೋರ್ಸ್ ಪ್ರತಿ ಪೋಸ್ಟನ್ನೂ ಮೇಲ್ ಮಾಡಬಲ್ಲದು, ವ್ಯವಸ್ಥೆ ಮಾಡಿಟ್ಟರೆ ಉತ್ತರವನ್ನೂ ಮೇಲ್‌ನಲ್ಲೇ ಪಡೆಯಬಲ್ಲದು. ಟೆಲಿಗ್ರಾಮ್ ಗುಂಪನ್ನು ಮಾತ್ರ ಸಹಾಯ ಕೇಂದ್ರ ಅನ್ನಬೇಡಿ. ಅಲ್ಲಿನ ಉತ್ತರ ಗೂಗಲ್‌ಗೆ ಸಿಗುವುದಿಲ್ಲ, ಅದೇ ಪ್ರಶ್ನೆಗೆ ವಾರಕ್ಕೊಮ್ಮೆ ಉತ್ತರಿಸುತ್ತ ನೀವೇ ಸುಸ್ತಾಗುತ್ತೀರಿ.

ಕೇಳುವವರಿಗೆ ಇನ್ನೊಂದು ಮಾತು. ಪ್ರಶ್ನೆ ಹಾಕುವ ಮುನ್ನ ಆ ಜಾಗದಲ್ಲಿ ಕೊನೆಯ ಹತ್ತು ಪ್ರಶ್ನೆಗಳನ್ನು ತೆರೆದು, ಎಷ್ಟಕ್ಕೆ ಉತ್ತರ ಬಂದಿದೆ, ಯಾರಿಂದ ಬಂದಿದೆ ನೋಡಿ. ಒಂದೆಡೆ ವಾರ ಕಾದು ಫಲ ಸಿಗದಿದ್ದರೆ ಇನ್ನೊಂದೆಡೆ ಕೇಳಬಹುದು, ಮೊದಲಿನದರ ಕೊಂಡಿ ಕೊಟ್ಟು. ಉತ್ತರ ಎಲ್ಲಿ ಸಿಕ್ಕರೂ ಎರಡೂ ಕಡೆ ಬರೆದುಬಿಡಿ.