ಸಿ.ಟಿ. ಚಿತ್ರ: ಕಿಟಕಿ ತೆರೆದಷ್ಟೇ ನೋಟ

ಸಿ.ಟಿ. ಸ್ಕ್ಯಾನ್ ಅಂದ್ರೆ ದೇಹದ ಒಳಗಿನ ಫೋಟೋ ಅಂತ ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ನೋಡಿದರೆ ಅದು ಅಂಕಿಗಳ ಪಟ್ಟಿ. ನಮ್ಮ ಕಾಮರ್ಸಿನವರ ಮಾತಿನಲ್ಲಿ ಹೇಳುವುದಾದರೆ ಒಂದು ಲೆಡ್ಜರ್. ಯಂತ್ರವು ದೇಹದ ಸುತ್ತಲಿನಿಂದ ಕ್ಷ-ಕಿರಣ ಹಾಯಿಸಿ, ಒಳಗಿನ ಒಂದೊಂದು ಚುಕ್ಕೆಯೂ ಎಷ್ಟು ಕಿರಣವನ್ನು ತಡೆಯಿತು ಎಂದು ಲೆಕ್ಕ ಹಾಕಿ ಒಂದೊಂದು ಸಂಖ್ಯೆ ಬರೆದಿಡುತ್ತದೆ. ನೀರಿಗೆ 0, ಗಾಳಿಗೆ ಋಣ 1000, ಕೊಬ್ಬಿಗೆ ಸುಮಾರು ಋಣ 100, ಗಟ್ಟಿ ಮೂಳೆಗೆ 1000ದ ಆಸುಪಾಸು. ಈ ಅಳತೆಗೆ ಯಂತ್ರವನ್ನು ಕಟ್ಟಿದ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡರ ಹೆಸರಿದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಹುಮಾನ ಬಂತು.

ಈಗ ಫಜೀತಿ ನೋಡಿ. ಸಾಮಾನ್ಯವಾಗಿ ಸಂಖ್ಯೆಗಳು 4096 ಬಗೆಯವು. ಸಾಧಾರಣ ಪರದೆಯಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವ ಛಾಯೆಗಳು 256. ಸಮನಾಗಿ ಹಂಚಿದರೆ 16 ಸಂಖ್ಯೆಗೆ ಒಂದೇ ಛಾಯೆ. ಮಿದುಳಿನ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಇರುವ ವ್ಯತ್ಯಾಸವೋ, ಹತ್ತರ ಆಸುಪಾಸು! ಲಕ್ಷದ ಲೆಕ್ಕದಲ್ಲಿ ಬರೆದ ಬ್ಯಾಲೆನ್ಸ್ ಶೀಟಿನಲ್ಲಿ ಚಿಲ್ಲರೆ ಖರ್ಚು ಮುಳುಗಿದ ಹಾಗೆ ಅದು ಮುಳುಗಿಯೇ ಹೋಗುತ್ತದೆ.

ಇದಕ್ಕೆ ಉಪಾಯವೇ ‘ವಿಂಡೋ’, ಅಂದರೆ ಕಿಟಕಿ. ಮಿದುಳನ್ನು ನೋಡುವಾಗ 0ಯಿಂದ 80ರವರೆಗಿನ ಸಂಖ್ಯೆಗಳಿಗೆ ಮಾತ್ರ ಎಲ್ಲ ಛಾಯೆಗಳನ್ನೂ ಹಂಚುತ್ತಾರೆ. ಅದಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ. ಆಗ ಹೊಸದಾಗಿ ಸೋರಿದ ರಕ್ತ, ಅಂದರೆ ಸುಮಾರು 50ರಿಂದ 70, ಬೆಳ್ಳಗೆ ಎದ್ದು ಕಾಣುತ್ತದೆ. ಲಕ್ವ ಹೊಡೆದು ಬಂದವರಿಗೆ ಇದು ಜೀವದ ಪ್ರಶ್ನೆ. ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧ ಕೊಡಬಹುದು. ಒಡೆದಿದ್ದರೆ ಅದೇ ಔಷಧ ಪ್ರಾಣಕ್ಕೇ ಮುಳುವಾದೀತು.

ಆದರೆ ಕಿಟಕಿ ತೋರಿಸುವುದೂ ಉಂಟು, ಮರೆಮಾಡುವುದೂ ಉಂಟು. ತಲೆಬುರುಡೆಯ ಒಳಮೈಗೆ ತೆಳ್ಳಗೆ ಅಂಟಿಕೊಂಡ ರಕ್ತ ಈ ಕಿಟಕಿಯಲ್ಲಿ ಮೂಳೆಯ ಬಿಳಿಯೊಳಗೇ ಸೇರಿಹೋಗಬಹುದು. ಅದಕ್ಕೇ ಕಿಟಕಿಯನ್ನು ಸುಮಾರು 200ರಷ್ಟು ಅಗಲ ಮಾಡಿ ಇನ್ನೊಮ್ಮೆ ನೋಡುತ್ತಾರೆ. ಮೂಳೆಯ ಬಿರುಕು ಹುಡುಕಲು ಇನ್ನೂ ಅಗಲ. ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವ ಚುಕ್ಕೆಗಳನ್ನು ನಯ ಮಾಡುವ ವಿಧಾನವೂ ಇದೆ. ಅದು ಅತಿಯಾದರೆ ರೋಗದ ಸಣ್ಣ ಗುರುತೂ ಜೊತೆಗೇ ಅಳಿಸಿಹೋದೀತು.

ಕಿಟಕಿ ಎಷ್ಟು ಸಲ ಬದಲಾದರೂ ಲೆಡ್ಜರಿನ ಅಂಕಿ ಒಂದೂ ಬದಲಾಗುವುದಿಲ್ಲ. ಆದ್ದರಿಂದ ಮಿತ್ರರೇ, ಮನೆಯವರ ಸ್ಕ್ಯಾನ್ ಹಿಡಿದು ಇನ್ನೊಬ್ಬ ಡಾಕ್ಟರ ಹತ್ರ ಹೋಗುವ ಪ್ರಸಂಗ ಬಂದರೆ, ಫಿಲ್ಮಿನ ಜೊತೆಗೆ ಸಿ.ಡಿ.ಯನ್ನೂ ಕೇಳಿ ಇಸಕೊಳ್ಳಿ. ಫಿಲ್ಮಿನಲ್ಲಿರುವುದು ಬೇರೆ ಯಾರೋ ಆರಿಸಿದ ಕಿಟಕಿ. ಅಂಕಿಗಳೆಲ್ಲ ಇರುವುದು ಸಿ.ಡಿ.ಯಲ್ಲಿ.