ಶೆಡ್ಡಿನ ಧೂಳು: ಮೊದಲು ಪೊರಕೆ ಕೆಳಗಿಡಿ

ಸಂಜೆ ಬಿಸಿಲು ಕಾರ್ ಶೆಡ್ಡಿನ ಕಿಟಕಿಯಿಂದ ಓರೆಯಾಗಿ ಬೀಳುವಾಗ ಒಮ್ಮೆ ನೋಡಿ. ಗರಗಸ ನಿಲ್ಲಿಸಿ ಹತ್ತು ನಿಮಿಷ ಆಗಿದೆ, ಆ ಬೆಳಕಿನ ಕೋಲಿನಲ್ಲಿ ಧೂಳು ಇನ್ನೂ ತೇಲ್ತಾನೇ ಇದೆ.

ನೆಲಕ್ಕೆ ಬಿದ್ದ ದಪ್ಪ ಹೊಟ್ಟು ಪಾಪದ್ದು. ಶ್ವಾಸಕೋಶಕ್ಕೆ ಇಳಿಯೋದು 10 ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿ. ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಹಾಗಾಗಿ ಧೂಳನ್ನ ಹುಟ್ಟಿದಲ್ಲೇ ಹಿಡೀಬೇಕು. ಸ್ಯಾಂಡರ್ ಹಿಂದೆ ಒಂದು ಪುಟ್ಟ ಬಟ್ಟೆ ಚೀಲ ಇರುತ್ತಲ್ಲ, ಅದು ಬರೀ ಶೋಕಿಗೆ. ತೆಗೆದು ಅಲ್ಲಿಗೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ. ಬಾಯಿ ಸಡಿಲವಾ? ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತಿ, ಬಿಗಿಯಾಗಿ ಕೂರುತ್ತೆ.

ಸ್ಯಾಂಡರ್‌ಗೂ ವ್ಯಾಕ್ಯೂಮ್‌ಗೂ ನಡುವೆ ಖಾಲಿ ಪೇಂಟ್ ಬಕೆಟ್ ಇಡಿ, ಅದರ ಮುಚ್ಚಳದ ಮೇಲೆ ಒಂದು ಸೈಕ್ಲೋನ್. ಹೆಸರು ದೊಡ್ಡದು, ವಸ್ತು ಪ್ಲಾಸ್ಟಿಕ್ ಆಲಿಕೆ ಅಷ್ಟೆ. ಒಳಗೆ ಗಾಳಿ ಸುಳಿಯಾಗಿ ಸುತ್ತುತ್ತೆ. ಭಾರದ ಹೊಟ್ಟು ಗೋಡೆಗೆ ತಾಗಿ ಬಕೆಟ್ಟಿಗೆ ಜಾರುತ್ತೆ. ವ್ಯಾಕ್ಯೂಮ್ ಫಿಲ್ಟರ್ ಬೇಗ ಕಟ್ಟಿಕೊಳ್ಳಲ್ಲ.

ಸೀಲಿಂಗ್ ಫ್ಯಾನ್ ಆಫ್! ಅದು ಕೂತ ಧೂಳನ್ನೂ ಎಬ್ಬಿಸುತ್ತೆ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರಿನ ಬಾಗಿಲು ತೆಗೆದಿಡಿ.

ಎನ್95 ಮಾಸ್ಕ್ ಹಾಕ್ಕೊಳ್ಳಿ. ಗಡ್ಡ ಇದ್ದರೆ ಅಂಚು ಮುಖಕ್ಕೆ ಕೂರಲ್ಲ, ಗೊತ್ತಿರಲಿ. ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲಲ್ಲ.

ಕೆಲಸ ಮುಗೀತಾ? ಗುಡಿಸೋದು ಬೇಡ. ನೆಲಕ್ಕೆ ವ್ಯಾಕ್ಯೂಮ್, ಬೆಂಚಿಗೆ ಒದ್ದೆ ಬಟ್ಟೆ. ಮಾಸ್ಕ್ ಮಾತ್ರ ಕೊನೆಗೆ ತೆಗೀರಿ.